ಕೊರೊನಾ ಬಂದರೆ ಅಜಿಥ್ರೋಮೈಸಿನ್ ನುಂಗಬೇಕೆ? ಆಸ್ಪತ್ರೆಗಳು ಕೊಟ್ಟ ಔಷಧಿಗಳ ಬಗ್ಗೆ ವಿಜ್ಞಾನ ಏನು ಹೇಳುತ್ತದೆ?

"ಜ್ವರ, ಗಂಟಲು ನೋವು ಶುರುವಾದ ಕೂಡಲೇ ಅಜಿಥ್ರೋಮೈಸಿನ್ 500 ಐದು ದಿನ, ಐವರ್ಮೆಕ್ಟಿನ್ ಮೂರು ದಿನ, ಜೊತೆಗೆ ಡಾಕ್ಸಿಸೈಕ್ಲಿನ್, ಜಿಂಕ್, ವಿಟಮಿನ್ ಸಿ. ದೊಡ್ಡ ಆಸ್ಪತ್ರೆಯಲ್ಲೂ ಇದನ್ನೇ ಕೊಡುವುದು. ಮನೆಯಲ್ಲೇ ವಾಸಿಯಾಗುತ್ತದೆ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ."

2020 ಮತ್ತು 2021ರಲ್ಲಿ ಇಂಥ ಸಂದೇಶ ತಲುಪದ ಮೊಬೈಲ್ ಇರಲಿಲ್ಲವೇನೋ. ಕೊರೊನಾದ ಅಬ್ಬರ ಮುಗಿದರೂ ಈ ಪಟ್ಟಿ ಮಾತ್ರ ಮುಗಿದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಪಿವಿ ಪ್ರಕರಣಗಳ ಸುದ್ದಿ ಬಂದಾಗ ವಾಟ್ಸ್ಯಾಪ್ ಗ್ರೂಪ್‌ಗಳು ಮತ್ತೆ ಗಾಬರಿಗೊಂಡವು. ಅಂಥ ಗಾಬರಿಯ ಹೊತ್ತಿನಲ್ಲಿ ಹಳೆಯ ಮಾತ್ರೆ ಚೀಟಿಗಳು ಹೊಸ ಹೆಸರಿನಲ್ಲಿ ಓಡಾಡುವುದು ತೀರಾ ಸುಲಭ. ಆದ್ದರಿಂದ ಈ ಪಟ್ಟಿ ಎಲ್ಲಿಂದ ಬಂತು, ಆಸ್ಪತ್ರೆಗಳು ಏಕೆ ಹಾಗೆ ಕೊಟ್ಟವು, ಆಮೇಲೆ ನಡೆದ ಪರೀಕ್ಷೆಗಳು ಏನು ಹೇಳಿದವು ಎಂದು ಒಮ್ಮೆ ಸರಿಯಾಗಿ ತಿಳಿದುಕೊಳ್ಳೋಣ.

ಚುಟುಕಾಗಿ ಉತ್ತರ

ಕೊರೊನಾ, ಫ್ಲೂ, ಸಾಮಾನ್ಯ ನೆಗಡಿ ಇವೆಲ್ಲ ವೈರಸ್‌ನಿಂದ ಬರುವ ಕಾಯಿಲೆಗಳು. ಆ್ಯಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತವೆ ಅಥವಾ ತಡೆಯುತ್ತವೆ. ವೈರಸ್ ಕಾಯಿಲೆಯ ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ಸೇರಿಕೊಂಡಾಗ ಆ್ಯಂಟಿಬಯಾಟಿಕ್ ಬೇಕಾಗುತ್ತದೆ, ಆಗ ಅದು ಜೀವ ಉಳಿಸುತ್ತದೆ. ಆದರೆ ಹಾಗೆ ಬೇಕಾದವರು ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಲ್ಲಿ ನೂರಕ್ಕೆ ಸುಮಾರು 8 ಮಂದಿ. ಆ್ಯಂಟಿಬಯಾಟಿಕ್ ಪಡೆದವರು ನೂರಕ್ಕೆ ಸುಮಾರು 75 ಮಂದಿ! ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ವೈರಸ್ ಮೇಲೆ ಆ್ಯಂಟಿಬಯಾಟಿಕ್ ಏಕೆ ಕೆಲಸ ಮಾಡುವುದಿಲ್ಲ?

ಬ್ಯಾಕ್ಟೀರಿಯಾ ಎಂದರೆ ಒಂದೇ ಕೋಶದ, ಆದರೆ ಸ್ವತಂತ್ರವಾಗಿ ಬದುಕಬಲ್ಲ ಜೀವಿ. ಅದಕ್ಕೆ ಹೊರಗೋಡೆ ಇದೆ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ತನ್ನದೇ ಯಂತ್ರವಿದೆ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಮುಂತಾದವು ಆ ಗೋಡೆ ಕಟ್ಟದಂತೆ ತಡೆಯುತ್ತವೆ. ಅಜಿಥ್ರೋಮೈಸಿನ್ ಮತ್ತು ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತವೆ.

ವೈರಸ್‌ಗೆ ಅಂಥ ಗೋಡೆಯೂ ಇಲ್ಲ, ರೈಬೋಸೋಮೂ ಇಲ್ಲ. ಅದು ನಮ್ಮ ಕೋಶದೊಳಗೆ ನುಗ್ಗಿ, ನಮ್ಮದೇ ಯಂತ್ರಗಳನ್ನು ಬಳಸಿ ತನ್ನ ಪ್ರತಿಗಳನ್ನು ತಯಾರಿಸಿಕೊಳ್ಳುತ್ತದೆ. ಆ್ಯಂಟಿಬಯಾಟಿಕ್ ಹೊಡೆಯಬೇಕಾದ ಗುರಿಯೇ ಅಲ್ಲಿಲ್ಲ. ಇಲಿ ಬೋನಿಟ್ಟು ಸೊಳ್ಳೆ ಹಿಡಿಯಲು ಕಾದಂತೆ ಆಗುತ್ತದೆ. ಬೋನು ಎಷ್ಟೇ ಗಟ್ಟಿಯಾಗಿರಲಿ, ಸೊಳ್ಳೆ ಅದರಲ್ಲಿ ಬೀಳುವುದಿಲ್ಲ.

ಹಾಗಾದರೆ ವೈದ್ಯರೇ ಏಕೆ ಕೊಟ್ಟರು?

ಇದು ನ್ಯಾಯವಾದ ಪ್ರಶ್ನೆ. "ಕೆಲಸಕ್ಕೆ ಬಾರದಿದ್ದರೆ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಏಕೆ ಕೊಡುತ್ತಿದ್ದರು?" ಎಂದು ಫಾರ್ವರ್ಡ್ ಕಳಿಸಿದವರು ಕೇಳುತ್ತಾರೆ. ಇದಕ್ಕೆ ಕಾರಣಗಳಿವೆ, ಅವುಗಳಲ್ಲಿ ಕೆಲವು ಒಳ್ಳೆಯ ಕಾರಣಗಳೇ.

ಮೊದಲನೆಯದು ಇತಿಹಾಸ. 1918ರ ಇನ್‌ಫ್ಲುಯೆನ್ಜಾ ಪಿಡುಗು ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ಪಡೆಯಿತು. ಆ ಕಾಲದ ಶವಪರೀಕ್ಷೆಗಳಿಂದ ಉಳಿಸಿಟ್ಟಿದ್ದ ಶ್ವಾಸಕೋಶದ ಮಾದರಿಗಳನ್ನು ವಿಜ್ಞಾನಿಗಳು 2008ರಲ್ಲಿ ಮರುಪರಿಶೀಲಿಸಿದಾಗ, ಹೆಚ್ಚಿನ ಸಾವುಗಳಲ್ಲಿ ಫ್ಲೂ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದ ಕುರುಹು ಸಿಕ್ಕಿತು. 2009ರ ಎಚ್‌1ಎನ್‌1 ಹಂದಿಜ್ವರದಲ್ಲೂ ಸತ್ತವರಲ್ಲಿ ಗಣನೀಯ ಪಾಲಿನವರಿಗೆ ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿತ್ತು. ಹೊಸ ವೈರಸ್ ಬಂದಾಗ ಇದೂ ಹಾಗೆಯೇ ಇರಬಹುದು ಎಂದು ವೈದ್ಯರು ಊಹಿಸಿದ್ದು ತಪ್ಪಲ್ಲ.

ಎರಡನೆಯದು, ಹಾಸಿಗೆಯ ಪಕ್ಕದಲ್ಲಿ ನಿಂತು ವ್ಯತ್ಯಾಸ ಗುರುತಿಸುವುದು ಕಷ್ಟ. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ, ರಕ್ತದಲ್ಲಿ ಏರಿದ ಸಿಆರ್‌ಪಿ ಇವೆಲ್ಲ ತೀವ್ರ ಕೊರೊನಾದಲ್ಲೂ ಕಾಣುತ್ತವೆ, ಬ್ಯಾಕ್ಟೀರಿಯಾ ನ್ಯುಮೋನಿಯಾದಲ್ಲೂ ಕಾಣುತ್ತವೆ. ಕಫ ಅಥವಾ ರಕ್ತದ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಆಮ್ಲಜನಕದ ಮಟ್ಟ ಕುಸಿಯುತ್ತಿರುವ ರೋಗಿಯ ಮುಂದೆ ಎರಡು ದಿನ ಕಾಯುವ ಧೈರ್ಯ ಎಷ್ಟು ಜನರಿಗಿರುತ್ತದೆ? ಇಂಥ ಸ್ಥಿತಿಯಲ್ಲಿ ಮೊದಲು ಔಷಧ ಶುರು ಮಾಡಿ, ವರದಿ ಬಂದ ಮೇಲೆ ನಿಲ್ಲಿಸುವುದು ಒಪ್ಪಿತ ಪದ್ಧತಿ. ಆದರೆ ಪಿಡುಗಿನ ಒತ್ತಡದಲ್ಲಿ ಶುರು ಮಾಡುವುದಷ್ಟೇ ಆಯಿತು, ಎಷ್ಟೋ ಕಡೆ ನಿಲ್ಲಿಸುವುದು ಆಗಲಿಲ್ಲ.

ಮೂರನೆಯದು ಭಯ. ಖಚಿತ ಔಷಧವಿಲ್ಲದ ಕಾಯಿಲೆ, ತುಂಬಿ ತುಳುಕುವ ವಾರ್ಡ್, "ಏನಾದರೂ ಕೊಡಿ ಡಾಕ್ಟ್ರೇ" ಎನ್ನುವ ಮನೆಯವರು. ಏನೂ ಕೊಡದೆ ಇರುವುದಕ್ಕಿಂತ ಏನಾದರೂ ಕೊಡುವುದು ಮೇಲು ಎಂದು ಎಲ್ಲರಿಗೂ ಅನಿಸಿತು.

ಪಟ್ಟಿಗೆ ಅಜಿಥ್ರೋಮೈಸಿನ್ ಬಂದದ್ದು ಹೇಗೆ?

2020ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಮಾರ್ಸೇ ನಗರದ ತಂಡವೊಂದು, ಡಿಡಿಯೆ ರಾವುಲ್ ಎಂಬ ಸೂಕ್ಷ್ಮಜೀವಿ ತಜ್ಞರ ನೇತೃತ್ವದಲ್ಲಿ, ಒಂದು ಪ್ರಬಂಧ ಪ್ರಕಟಿಸಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ವೈರಸ್ ಬೇಗ ಮಾಯವಾಗುತ್ತದೆ, ಅಜಿಥ್ರೋಮೈಸಿನ್ ಸೇರಿಸಿದರೆ ಇನ್ನೂ ಬೇಗ ಎಂಬುದು ಅದರ ಸಾರ. ಜಗತ್ತೇ ಅದರ ಹಿಂದೆ ಬಿತ್ತು.

ಆದರೆ ಆ ಅಧ್ಯಯನದಲ್ಲಿ ಲೆಕ್ಕಕ್ಕೆ ಬಂದವರು ಒಟ್ಟು 36 ಮಂದಿ. ಎರಡೂ ಔಷಧ ಪಡೆದವರು ಬರೀ 6 ಮಂದಿ. ಔಷಧ ಪಡೆಯಲು ಶುರು ಮಾಡಿದ್ದ 26 ಮಂದಿಯಲ್ಲಿ 6 ಮಂದಿಯನ್ನು ಲೆಕ್ಕದಿಂದ ಹೊರಗಿಡಲಾಗಿತ್ತು. ಆ ಆರರಲ್ಲಿ ಮೂವರು ಐಸಿಯು ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು. ಪರೀಕ್ಷೆಯಲ್ಲಿ ನಪಾಸಾದವರ ಹೆಸರು ಹೊಡೆದುಹಾಕಿ ಶಾಲೆಯ ಫಲಿತಾಂಶ ಪ್ರಕಟಿಸಿದಂತೆ ಇದು. 2024ರ ಡಿಸೆಂಬರ್‌ನಲ್ಲಿ ಆ ಪ್ರಬಂಧವನ್ನು ನಿಯತಕಾಲಿಕ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ದೊಡ್ಡ ಪರೀಕ್ಷೆ ಏನು ಹೇಳಿತು?

ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿದ 'ರಿಕವರಿ' ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ್ದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ, ಯಾರ ಇಷ್ಟವೂ ನಡೆಯದಂತೆ, ಗುಂಪುಗಳಾಗಿ ವಿಂಗಡಿಸಲಾಯಿತು. 2,582 ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಅಜಿಥ್ರೋಮೈಸಿನ್ ಕೊಟ್ಟರು. 5,181 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನಗಳ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ಸಾವಿನ ಪ್ರಮಾಣ ಶೇ. 22. ವ್ಯತ್ಯಾಸವೇ ಇಲ್ಲ.

ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಇದ್ದ ರೋಗಿಗಳ ಮೇಲೆ ಬ್ರಿಟನ್ನಿನಲ್ಲೇ ನಡೆದ 'ಪ್ರಿನ್ಸಿಪಲ್' ಪ್ರಯೋಗದಲ್ಲೂ ಅಜಿಥ್ರೋಮೈಸಿನ್ ಮತ್ತು ಡಾಕ್ಸಿಸೈಕ್ಲಿನ್ ಎರಡರಿಂದಲೂ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ರಿಕವರಿ ಪ್ರಯೋಗದಲ್ಲಿ ಸೋತಿತು. ಜೊತೆಗೆ, ಅಜಿಥ್ರೋಮೈಸಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡೂ ಕೆಲವರಲ್ಲಿ ಹೃದಯ ಬಡಿತದ ಲಯ ತಪ್ಪಿಸಬಲ್ಲವು. ಒಟ್ಟಿಗೆ ಕೊಟ್ಟಾಗ ಆ ಅಪಾಯ ಹೆಚ್ಚು.

"ನಾನು ತಗೊಂಡೆ, ವಾಸಿಯಾಯ್ತಲ್ಲ?"

ಸುಳ್ಳಲ್ಲ, ವಾಸಿಯಾಗಿದೆ. ಆದರೆ ಕೊರೊನಾ ಬಂದವರಲ್ಲಿ ಬಹುಪಾಲು ಜನ ಯಾವ ವಿಶೇಷ ಔಷಧವೂ ಇಲ್ಲದೆ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಐದು ದಿನದ ಕೋರ್ಸ್ ಮುಗಿಯುವ ಹೊತ್ತಿಗೆ ದೇಹ ತಾನೇ ವೈರಸ್ಸನ್ನು ಮಣಿಸಿರುತ್ತದೆ. ಶ್ರೇಯಸ್ಸು ಮಾತ್ರ ಮಾತ್ರೆಗೆ ಹೋಗುತ್ತದೆ. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದ ಅಜ್ಜಿಯ ಲೆಕ್ಕವೇ ಇದು. ಮಾತ್ರೆ ತೆಗೆದುಕೊಂಡವರನ್ನು ತೆಗೆದುಕೊಳ್ಳದವರ ಜೊತೆ ಹೋಲಿಸಿದಾಗ ಮಾತ್ರ ಸತ್ಯ ತಿಳಿಯುತ್ತದೆ. ರಿಕವರಿಯಂಥ ಪ್ರಯೋಗಗಳು ಮಾಡಿದ್ದು ಅದನ್ನೇ.

ನಿಜಕ್ಕೂ ಎಷ್ಟು ಜನಕ್ಕೆ ಬೇಕಿತ್ತು?

ವಿಶ್ವ ಆರೋಗ್ಯ ಸಂಸ್ಥೆ 65 ದೇಶಗಳಲ್ಲಿ ಆಸ್ಪತ್ರೆ ಸೇರಿದ್ದ ಸುಮಾರು 4.5 ಲಕ್ಷ ಕೊರೊನಾ ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ 2024ರ ಏಪ್ರಿಲ್‌ನಲ್ಲಿ ಫಲಿತಾಂಶ ತಿಳಿಸಿತು. 2020ರ ಜನವರಿಯಿಂದ 2023ರ ಮಾರ್ಚ್‌ವರೆಗಿನ ಮಾಹಿತಿ ಅದು. ಆ್ಯಂಟಿಬಯಾಟಿಕ್ ಬೇಕಾಗುವ ಬ್ಯಾಕ್ಟೀರಿಯಾ ಸೋಂಕು ಇದ್ದದ್ದು ಶೇ. 8 ರೋಗಿಗಳಲ್ಲಿ. "ಇರಲಿ, ಒಂದು ವೇಳೆ ಬೇಕಾದರೆ" ಎಂದು ಕೊಟ್ಟದ್ದು ಸುಮಾರು ಶೇ. 75 ಮಂದಿಗೆ. ಬ್ಯಾಕ್ಟೀರಿಯಾ ಸೋಂಕು ಇಲ್ಲದವರಿಗೆ ಇದರಿಂದ ಲಾಭವಾಗಲಿಲ್ಲ.

ಇದು ಬಡ ದೇಶಗಳ ಕಥೆ ಮಾತ್ರವಲ್ಲ. ಅಮೆರಿಕದಲ್ಲೂ 2020ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಲ್ಲಿ ಸುಮಾರು ಶೇ. 80 ಮಂದಿಗೆ ಆ್ಯಂಟಿಬಯಾಟಿಕ್ ಕೊಟ್ಟಿದ್ದರು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಹೇಳಿದೆ.

ನಮ್ಮಲ್ಲಿ ಆಸ್ಪತ್ರೆಯ ಹೊರಗೂ ಇದೇ ನಡೆಯಿತು. ಭಾರತದ ಖಾಸಗಿ ಔಷಧ ಮಾರಾಟದ ಅಂಕಿ ಅಂಶ ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊರೊನಾದಿಂದಾಗಿ ಹೆಚ್ಚುವರಿಯಾಗಿ ಮಾರಾಟವಾಗಿರಬಹುದಾದ ಆ್ಯಂಟಿಬಯಾಟಿಕ್ ಡೋಸ್‌ಗಳು ಸುಮಾರು 21.6 ಕೋಟಿ. ಅದರಲ್ಲಿ ಅಜಿಥ್ರೋಮೈಸಿನ್ ಒಂದೇ ಸುಮಾರು 3.8 ಕೋಟಿ.

ಆ್ಯಂಟಿವೈರಲ್ ಕಥೆಯೇ ಬೇರೆ: ಇಲ್ಲಿ ಸಮಯವೇ ಮುಖ್ಯ

ವೈರಸ್ ವಿರುದ್ಧವೇ ಕೆಲಸ ಮಾಡುವ ಔಷಧಿಗಳೂ ಇವೆ. ಅವನ್ನು ಆ್ಯಂಟಿವೈರಲ್ ಎನ್ನುತ್ತಾರೆ. ಇವು ವೈರಸ್ ಪ್ರತಿ ಮಾಡಿಕೊಳ್ಳುವ ಯಾವುದಾದರೂ ಒಂದು ಹಂತಕ್ಕೆ ಅಡ್ಡಗಾಲು ಹಾಕುತ್ತವೆ. ಒಂದು ವೈರಸ್‌ಗೆ ಆಗುವುದು ಇನ್ನೊಂದಕ್ಕೆ ಆಗಬೇಕೆಂದಿಲ್ಲ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್, ಅಂದರೆ ಟಾಮಿಫ್ಲೂ, ಕೊರೊನಾ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಎಚ್‌ಎಂಪಿವಿಗಂತೂ ಪ್ರತ್ಯೇಕ ಆ್ಯಂಟಿವೈರಲ್ ಔಷಧವೇ ಇಲ್ಲ.

ಕೊರೊನಾ ಎರಡು ಹಂತದ ಕಾಯಿಲೆ. ಮೊದಲ ವಾರದಲ್ಲಿ ವೈರಸ್ ವೇಗವಾಗಿ ಹೆಚ್ಚುತ್ತದೆ. ಕಾಯಿಲೆ ಉಲ್ಬಣಿಸಿದವರಲ್ಲಿ ಎರಡನೇ ವಾರದ ಹೊತ್ತಿಗೆ ವೈರಸ್ ಕಡಿಮೆಯಾಗುತ್ತಾ ಬಂದರೂ ದೇಹದ ರಕ್ಷಣಾ ವ್ಯವಸ್ಥೆಯೇ ಕೆರಳಿ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಆ್ಯಂಟಿವೈರಲ್ ಕೆಲಸಕ್ಕೆ ಬರುವುದು ಮೊದಲ ಹಂತದಲ್ಲಿ. ಬೆಂಕಿ ಕಿಡಿಯಾಗಿದ್ದಾಗ ಒಂದು ಬಿಂದಿಗೆ ನೀರು ಸಾಕು. ಬಣವೆಯೆಲ್ಲ ಹೊತ್ತಿ ಉರಿಯುವಾಗ ಅದೇ ಬಿಂದಿಗೆಯಿಂದ ಏನಾದೀತು?

ರೆಮ್‌ಡೆಸಿವಿರ್ ಇದಕ್ಕೆ ಒಳ್ಳೆಯ ಉದಾಹರಣೆ. 2021ರ ಏಪ್ರಿಲ್‌ನಲ್ಲಿ ಇದಕ್ಕಾಗಿ ಜನ ಊರೂರು ಅಲೆದರು, ಕಾಳಸಂತೆಯಲ್ಲಿ ಹಲವು ಪಟ್ಟು ಹಣ ತೆತ್ತರು. ಏಪ್ರಿಲ್ 11ರಂದು ಕೇಂದ್ರ ಸರ್ಕಾರ ಅದರ ರಫ್ತನ್ನೇ ನಿಷೇಧಿಸಬೇಕಾಯಿತು. ಆದರೆ ಅಷ್ಟು ಹೊತ್ತಿಗಾಗಲೇ, 2020ರ ನವೆಂಬರ್‌ನಲ್ಲೇ, ಆಸ್ಪತ್ರೆ ಸೇರಿದ ರೋಗಿಗಳಿಗೆ ಇದನ್ನು ಕೊಡಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿತ್ತು. ಆ ಸಂಸ್ಥೆಯ 'ಸಾಲಿಡಾರಿಟಿ' ಪ್ರಯೋಗದ ಅಂತಿಮ ಫಲಿತಾಂಶದಲ್ಲಿ ಆಮ್ಲಜನಕ ಪಡೆಯುತ್ತಿದ್ದವರಿಗೆ ಅಲ್ಪ ಪ್ರಯೋಜನ ಕಂಡಿತು. ವೆಂಟಿಲೇಟರ್ ಮೇಲಿದ್ದವರಿಗೆ ಕಾಣಲಿಲ್ಲ. ಅದೇ ಔಷಧವನ್ನು ಅಪಾಯ ಹೆಚ್ಚಿರುವವರಿಗೆ ಲಕ್ಷಣ ಶುರುವಾದ ಏಳು ದಿನದೊಳಗೆ, ಮೂರು ದಿನ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಆಸ್ಪತ್ರೆ ಸೇರುವ ಸಾಧ್ಯತೆ ಶೇ. 87ರಷ್ಟು ಇಳಿಯಿತು. ಔಷಧ ಒಂದೇ, ಬದಲಾದದ್ದು ಸಮಯ. ಐಸಿಯು ಹೊರಗೆ ನಿಂತು ಮನೆ ಒಡವೆ ಅಡವಿಟ್ಟು ತಂದ ಎಷ್ಟೋ ಬಾಟಲಿಗಳು ಉಪಯೋಗಕ್ಕೆ ಬರುವ ಸಮಯ ಮೀರಿದ ಮೇಲೆ ರೋಗಿಯ ಕೈ ನರ ಸೇರಿದವು.

ಫೇವಿಪಿರಾವಿರ್ ನೆನಪಿದೆಯೇ? ಜಪಾನಿನಲ್ಲಿ ಫ್ಲೂಗೆಂದು ತಯಾರಾದ ಮಾತ್ರೆ ಇದು. 2020ರ ಜೂನ್‌ನಲ್ಲಿ ನಮ್ಮಲ್ಲಿ ಒಂದು ಮಾತ್ರೆಗೆ 103 ರೂಪಾಯಿಯಂತೆ ಮಾರುಕಟ್ಟೆಗೆ ಬಂತು. ಮೊದಲ ದಿನ 1,800 ಮಿಲಿಗ್ರಾಂ ಎರಡು ಸಲ, ಅಂದರೆ 200 ಮಿಲಿಗ್ರಾಂನ 18 ಮಾತ್ರೆ ನುಂಗಬೇಕಿತ್ತು. ಮುಂದೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಅದು ನಿರೀಕ್ಷೆ ಮುಟ್ಟಲಿಲ್ಲ. ಇನ್ನು ಐವರ್ಮೆಕ್ಟಿನ್ ಹುಳುಗಳ ಕಾಯಿಲೆಗೆ ಅದ್ಭುತ ಔಷಧ. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂದಿದೆ. ಆದರೆ ಕೊರೊನಾ ಮೇಲೆ ಅದು ಕೆಲಸ ಮಾಡಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಐವರ್ಮೆಕ್ಟಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡನ್ನೂ ಭಾರತದ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು.

ಗೆದ್ದ ಔಷಧ ಯಾವುದು? ಅಗ್ಗದ ಸ್ಟೆರಾಯ್ಡ್ ಡೆಕ್ಸಾಮೆಥಾಸೋನ್. 2020ರ ಜೂನ್‌ನಲ್ಲಿ ರಿಕವರಿ ಪ್ರಯೋಗ ತೋರಿಸಿದಂತೆ, ಅದು ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದರಷ್ಟು ತಗ್ಗಿಸಿತು. ಆದರೆ ಆಮ್ಲಜನಕ ಬೇಕಿಲ್ಲದವರಿಗೆ ಲಾಭವಿರಲಿಲ್ಲ. ಇಲ್ಲೂ ಫಾರ್ವರ್ಡ್‌ಗಳು ಎಡವಿದವು. ಸ್ಟೆರಾಯ್ಡ್ ಮಾತ್ರೆ ಮನೆಯಲ್ಲೇ, ಮೊದಲ ದಿನದಿಂದಲೇ ಶುರುವಾಯಿತು. ನಿಯಂತ್ರಣವಿಲ್ಲದ ಸಕ್ಕರೆ ಕಾಯಿಲೆಯ ಜೊತೆ ಸ್ಟೆರಾಯ್ಡ್ ಅತಿಯಾದಾಗ ಏನಾಗುತ್ತದೆ ಎಂಬುದನ್ನು 2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ರೂಪದಲ್ಲಿ ನೋಡಿದೆವು. ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿತು.

"ಸುಮ್ಮನೆ ಒಂದು ಕೋರ್ಸ್ ತಗೊಂಡರೆ ನಷ್ಟವೇನು?"

ನಷ್ಟ ನಿಮ್ಮೊಬ್ಬರದೇ ಅಲ್ಲ. ಹೊಲಕ್ಕೆ ಪ್ರತಿ ವರ್ಷ ಒಂದೇ ಕಳೆನಾಶಕ ಹೊಡೆದರೆ ಏನಾಗುತ್ತದೆ ಎಂದು ರೈತರಿಗೆ ಗೊತ್ತು. ಔಷಧಕ್ಕೆ ಬಗ್ಗುವ ಕಳೆ ಸಾಯುತ್ತದೆ, ಬಗ್ಗದ ಕಳೆ ಉಳಿದು ಹೊಲ ತುಂಬುತ್ತದೆ. ನಮ್ಮ ಕರುಳು, ಗಂಟಲು, ಚರ್ಮದ ಮೇಲೆ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಪ್ರತಿ ಅನಗತ್ಯ ಕೋರ್ಸ್ ಅವುಗಳಲ್ಲಿ ಔಷಧಕ್ಕೆ ಜಗ್ಗದವನ್ನು ಆರಿಸಿ ಬೆಳೆಸುತ್ತದೆ. ಅಷ್ಟೇ ಅಲ್ಲ, ಈ ಬ್ಯಾಕ್ಟೀರಿಯಾಗಳು ಪ್ರತಿರೋಧದ ಜೀನ್‌ಗಳನ್ನು ಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ತಮ್ಮ ನೊಬೆಲ್ ಭಾಷಣದಲ್ಲಿ ಇಂಥ ಅಪಾಯದ ಬಗ್ಗೆ ಎಚ್ಚರಿಸಿದ್ದರು.

ಇದರ ಪರಿಣಾಮ ಕೊರೊನಾ ವಾರ್ಡಿನಲ್ಲೇ ಕಂಡಿತು. ಐಸಿಎಂಆರ್ ಜಾಲದ 10 ಆಸ್ಪತ್ರೆಗಳಲ್ಲಿ 2020ರಲ್ಲಿ ದಾಖಲಾದ 17,534 ರೋಗಿಗಳ ಅಧ್ಯಯನದಲ್ಲಿ, ಶೇ. 3.6 ಮಂದಿಗೆ ಬ್ಯಾಕ್ಟೀರಿಯಾ ಅಥವಾ ಫಂಗಸ್‌ನ ಎರಡನೇ ಸೋಂಕು ತಗುಲಿತ್ತು. ಸಂಖ್ಯೆ ಸಣ್ಣದು. ಆದರೆ ಅವರಲ್ಲಿ ಸತ್ತವರು ಶೇ. 56.7. ಒಟ್ಟು ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ. 10.6 ಮಾತ್ರ ಇತ್ತು. ಎರಡನೇ ಸೋಂಕು ತಂದವುಗಳಲ್ಲಿ ಮುಂದಿದ್ದವು ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು. ಆಸ್ಪತ್ರೆಗಳಲ್ಲಿ ಹರಡುವ, ಬಲವಾದ ಔಷಧಿಗಳಿಗೂ ಜಗ್ಗದಂತಾಗಿರುವ ಕುಖ್ಯಾತ ಜೋಡಿ ಇದು. ನಿಜವಾಗಿ ಆ್ಯಂಟಿಬಯಾಟಿಕ್ ಬೇಕಾಗಿದ್ದವರು ಇವರೇ. ಇವರ ವಿಷಯದಲ್ಲೇ ಔಷಧ ಕೈಕೊಡುವ ಅಪಾಯ ಹೆಚ್ಚು. ಅಮೆರಿಕದಲ್ಲೂ 2020ರಲ್ಲಿ ಆಸ್ಪತ್ರೆಯಲ್ಲಿ ತಗುಲುವ ಔಷಧ ನಿರೋಧಕ ಸೋಂಕುಗಳು ಹಿಂದಿನ ವರ್ಷಕ್ಕಿಂತ ಕನಿಷ್ಠ ಶೇ. 15ರಷ್ಟು ಏರಿದವು.

ಅಜಿಥ್ರೋಮೈಸಿನ್ ವಿಷಯಕ್ಕೇ ಬಂದರೆ, ಇದು ನಮಗೆ ಟೈಫಾಯ್ಡ್‌ಗೆ ಬೇಕಾದ ಔಷಧ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ಟೈಫಾಯ್ಡ್ ತಳಿ ಐದು ಬಗೆಯ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗುವುದಿಲ್ಲ. ಬಾಯಿಯ ಮೂಲಕ ಕೊಡಬಹುದಾದ ಔಷಧಗಳಲ್ಲಿ ಅದಕ್ಕೆ ಉಳಿದಿರುವುದು ಬಹುತೇಕ ಅಜಿಥ್ರೋಮೈಸಿನ್ ಒಂದೇ. ನೆಗಡಿಗೆ ಖರ್ಚು ಮಾಡಿ ಮುಗಿಸಿದರೆ ನಾಳೆ ಟೈಫಾಯ್ಡ್ ಬಂದ ಮಗುವಿಗೆ ಏನು ಕೊಡುವುದು? ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ಅಂದಾಜಿಸಲಾಗಿದೆ. ಇದು ಕೊರೊನಾ ಬರುವುದಕ್ಕೂ ಮುಂಚಿನ ಲೆಕ್ಕ.

ಒಳ್ಳೆಯ ಆಸ್ಪತ್ರೆ ಏನು ಮಾಡುತ್ತದೆ?

• ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಸಾಧ್ಯವಾದರೆ ಕಲ್ಚರ್‌ಗೆ ಮಾದರಿ ತೆಗೆಯುತ್ತದೆ.
• ಏಕೆ ಕೊಡುತ್ತಿದ್ದೇವೆ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತದೆ.
• 48ರಿಂದ 72 ಗಂಟೆಯೊಳಗೆ ಮರುಪರಿಶೀಲಿಸಿ, ಬೇಡವಾದರೆ ನಿಲ್ಲಿಸುತ್ತದೆ, ಬೇಕಾದರೆ ಸೋಂಕಿಗೆ ತಕ್ಕ ಔಷಧಕ್ಕೆ ಬದಲಾಯಿಸುತ್ತದೆ.
• ಕ್ಯಾನುಲಾ, ಮೂತ್ರದ ನಳಿಕೆ, ವೆಂಟಿಲೇಟರ್ ಸ್ವಚ್ಛತೆಯ ಮೇಲೆ ಕಣ್ಣಿಡುತ್ತದೆ. ಎರಡನೇ ಸೋಂಕು ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಸೌಮ್ಯ ಕೊರೊನಾಗೆ ಆ್ಯಂಟಿಬಯಾಟಿಕ್ ಬೇಡ, ಮಧ್ಯಮ ಹಂತದಲ್ಲಿ ಬ್ಯಾಕ್ಟೀರಿಯಾ ಸೋಂಕಿನ ಅನುಮಾನವಿದ್ದರೆ ಮಾತ್ರ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು.

ನೀವು ಏನು ಮಾಡಬಹುದು?

• ವೈದ್ಯರು ಆ್ಯಂಟಿಬಯಾಟಿಕ್ ಬರೆದರೆ ಜಗಳವಾಡಬೇಡಿ, ಪ್ರಶ್ನೆ ಕೇಳಿ: "ಇದು ಬ್ಯಾಕ್ಟೀರಿಯಾ ಸೋಂಕೇ? ಎಷ್ಟು ದಿನ ಕೊಡಬೇಕು? ಯಾವಾಗ ಮತ್ತೆ ನೋಡುತ್ತೀರಿ?"
• ಬೇಕೆಂದು ಹೇಳಿದರೆ ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಈ ಲೇಖನ ಓದಿ ನಡುವೆ ನಿಲ್ಲಿಸಬೇಡಿ.
• ಬೇಡ ಎಂದರೆ ಬಲವಂತ ಮಾಡಬೇಡಿ. ಮಾತ್ರೆ ಬರೆಯದ ವೈದ್ಯರು ಕೆಟ್ಟ ವೈದ್ಯರಲ್ಲ.
• ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಉಳಿದ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ.
• ಉಸಿರಾಟದ ತೊಂದರೆ, ಎದೆ ನೋವು, ಗೊಂದಲ, ಆಮ್ಲಜನಕದ ಮಟ್ಟ 94ಕ್ಕಿಂತ ಇಳಿಕೆ, ವಾಸಿಯಾಗಿ ಮತ್ತೆ ಏರಿದ ಜ್ವರ ಇವು ಕಂಡರೆ ಮನೆಯಲ್ಲಿ ಮಾತ್ರೆ ಬದಲಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.
• 60 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಜ್ವರ ಬಂದ ಮೊದಲ ಎರಡು ದಿನದಲ್ಲೇ ವೈದ್ಯರನ್ನು ಕಾಣಿ. ಆ್ಯಂಟಿವೈರಲ್ ಬೇಕಿದ್ದರೆ ಉಪಯೋಗವಾಗುವುದು ಆಗಲೇ.

ಒಟ್ಟಾರೆ ಹೇಳುವುದಾದರೆ

"ಕೊರೊನಾಗೆ ಅಜಿಥ್ರೋಮೈಸಿನ್ ಮದ್ದು" ಎಂಬುದು ತಪ್ಪು. "ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್ ಕೊಡುವುದೆಲ್ಲ ಮೋಸ" ಎಂಬ ಎದುರಿನ ಫಾರ್ವರ್ಡೂ ತಪ್ಪು. ಬೇಕಾದವರಿಗೆ, ಬೇಕಾದ ಹೊತ್ತಿನಲ್ಲಿ, ಬೇಕಾದಷ್ಟು ದಿನ ಕೊಟ್ಟರೆ ಅದು ಜೀವ ಉಳಿಸುವ ಔಷಧ.

ಮುಂದೆ ಯಾವುದಾದರೂ ಹೊಸ ವೈರಸ್‌ನ ಸುದ್ದಿ ಬಂದಾಗ ಮಾತ್ರೆಗಳ ಪಟ್ಟಿಯೊಂದು ನಿಮ್ಮ ಮೊಬೈಲಿಗೂ ಬರುತ್ತದೆ. ಅದನ್ನು ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಔಷಧ ವೈರಸ್‌ನದ್ದೋ ಬ್ಯಾಕ್ಟೀರಿಯಾದ್ದೋ? ಇದನ್ನು ತೆಗೆದುಕೊಳ್ಳದವರ ಜೊತೆ ಹೋಲಿಸಿ ನೋಡಿದ್ದಾರೆಯೇ? ಕಾಯಿಲೆಯ ಯಾವ ಹಂತದವರಿಗೆ ಇದು ಹೇಳಿದ್ದು? ಮೂರರಲ್ಲಿ ಒಂದಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.